ಬೋರಲು ಕಲ್ಲಿನ ದಿಬ್ಬ

ನಮ್ಮೂರಿನಲ್ಲಿ ಸತ್ತವರ ಹೆಸರನ್ನು ಕಡೆಯ ಸಲ ಹೇಳುವ ಕೆಲಸ ನನ್ನದು. ತೊಗಲಿನ ಹಲಗೆ ಬಡಿಯುತ್ತೇನೆ, ಬೀದಿ ಬೀದಿ ಸುತ್ತುತ್ತೇನೆ, "ಕೇಳ್ರಪ್ಪೋ ಕೇಳ್ರಿ, ಇಂಥವರು ತೀರಿಕೊಂಡಾರ, ಕಲ್ಲು ಏಳತೈತಿ" ಅಂತ ಕೂಗುತ್ತೇನೆ. ಕೂಗಿದ ಮೇಲೆ ಆ ಹೆಸರು ಊರಿಗಿಲ್ಲ. ನನಗೂ ಇಲ್ಲ. ನನ್ನ ಬಾಯಿಂದಲೇ ಹೊರಟದ್ದು, ಆಮೇಲೆ ನನ್ನ ನಾಲಗೆಗೇ ಸಿಗುವುದಿಲ್ಲ. ಇದೆಂಥ ಕಸುಬಪ್ಪ ಅಂತ ನೀವು ಕೇಳಬಹುದು. ಹೊಟ್ಟೆಪಾಡು ಅಂದುಕೊಳ್ಳಿ. ನನ್ನಪ್ಪ ಮಾಡಿದ, ನಾನು ಮಾಡಿದೆ. ಅಪ್ಪ ಸತ್ತಾಗ ಅವನ ಹೆಸರನ್ನೂ ನಾನೇ ಕೂಗಿದೆ. ಅದೇನಿತ್ತೋ ಈಗ ಗೊತ್ತಿಲ್ಲ.

ಊರ ಕಟ್ಟಳೆ ಹೀಗಿದೆ. ಕೂಸು ಯಾವ ಆಸರೆಯೂ ಇಲ್ಲದೆ ಕೂರುವುದನ್ನು ಕಲಿತ ದಿನ ಅದಕ್ಕೊಂದು ಚಪ್ಪಟೆ ಕಲ್ಲು ಸಿಗುತ್ತದೆ. ಅದನ್ನು ಕೂರುಗಲ್ಲು ಅನ್ನುತ್ತೇವೆ. ಹೊಳೆದಂಡೆಯಲ್ಲಿ ಪದರ ಪದರವಾಗಿ ಏಳುವ ಬೂದುಬಣ್ಣದ ಕಲ್ಲು. ಉಣ್ಣುವಾಗ ಅದರ ಮೇಲೆ ಕೂರಬೇಕು, ತಲೆ ಬಾಚುವಾಗ ಅದರ ಮೇಲೆ, ಅಪ್ಪನ ಹತ್ತಿರ ಬೈಸಿಕೊಳ್ಳುವಾಗ ಅದರ ಮೇಲೆ. ಬೆಳೆದ ಮೇಲೆ ದೊಡ್ಡ ಕಲ್ಲು. ಸತ್ತ ದಿನ ಆ ಕಲ್ಲನ್ನು ಊರಾಚೆಯ ದಿಬ್ಬಕ್ಕೆ ಒಯ್ಯುತ್ತೇವೆ. ದಿಬ್ಬವನ್ನು ಬಲಕ್ಕಿಟ್ಟುಕೊಂಡು ಸುತ್ತು ಬರುತ್ತೇವೆ. ಕೂತ ಮುಖ ಕೆಳಗಾಗುವಂತೆ ಕಲ್ಲನ್ನು ಬೋರಲು ಹಾಕುತ್ತೇವೆ. ಸತ್ತವರ ಮನೆಯ ಒಲೆಯ ಬುಡದ ಮಣ್ಣನ್ನು ಒಂದು ಬುಟ್ಟಿ ತಂದು ಅದರ ಮೇಲೆ ಸುರಿಯುತ್ತೇವೆ. ದೇಹ ಬೆಂಕಿಗೋ ಹೊಳೆಗೋ ಹೋಗುತ್ತದೆ, ಅದು ದೊಡ್ಡ ಮಾತಲ್ಲ. ಕಲ್ಲು ಮುಖ್ಯ. ಕಲ್ಲು ಬೋರಲಾಯಿತೋ, ಹೆಸರು ಹೋಯಿತು, ಮುಖ ಹೋಯಿತು, ಅವರ ದನಿ ಹೋಯಿತು, ಅವರಿಗಾಗಿ ಎದೆಯಲ್ಲಿ ಏನು ಕುದಿಯುತ್ತಿತ್ತೋ ಅದೂ ಹೋಯಿತು. ಕೈ ತೊಳೆದುಕೊಂಡು ಮನೆಗೆ ಬಂದು ಉಣ್ಣುತ್ತೇವೆ.

ಹೀಗಾಗಿ ನಮ್ಮೂರಿನಲ್ಲಿ ಕಣ್ಣೀರು ಬರುವುದು ಉಳ್ಳಾಗಡ್ಡಿ ಹೆಚ್ಚಿದಾಗ ಮಾತ್ರ. ಪಕ್ಕದ ಊರಿನವರು ನಮ್ಮನ್ನು ಕಲ್ಲೆದೆಯವರು ಅನ್ನುತ್ತಾರೆ. ಅನ್ನಲಿ ಬಿಡಿ, ಅವರ ಬಾಯಿಗೆ ಬೀಗ ಹಾಕೋರು ಯಾರು? ಅವರ ಊರಿನಲ್ಲಿ ಹೆಣದ ಮುಂದೆ ಹೊರಳಾಡಿ ಅಳುವವರನ್ನು ನೋಡಿದ್ದೇನೆ, ನೋಡಲಾಗದೆ ಎದ್ದು ಬಂದಿದ್ದೇನೆ. ಹಾಗಂತ ನಾವು ಸುಖವಾಗಿದ್ದೆವು ಅಂತ ನಾನು ಹೇಳುತ್ತಿಲ್ಲ. ನಮಗೆ ಏನೂ ಆಗುತ್ತಿರಲಿಲ್ಲ, ಅಷ್ಟೆ.

ದಿಬ್ಬಕ್ಕೆ ಮಣ್ಣು ಒಯ್ಯುವ ಬುಟ್ಟಿಗಳನ್ನು ಹೆಣೆಯುವವಳು ಒಬ್ಬಳಿದ್ದಳು. ಅವಳಿಗೆ ಬುಟ್ಟಿಯಾಕಿ ಅಂತಲೇ ಹೆಸರು. ನನ್ನ ಮನೆಯ ಎದುರು ಮನೆ, ಒಂಟಿ ಜೀವ. ಅವಳ ಮನೆಯಿಂದ ಒಂದು ಪುಟ್ಟ ಕಲ್ಲು ದಿಬ್ಬಕ್ಕೆ ಹೋಗಿದೆ ಅನ್ನುವುದು ಊರಿಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಗಂಡೋ ಹೆಣ್ಣೋ, ಯಾವಾಗಲೋ, ಯಾತರಿಂದಲೋ, ಯಾರಿಗೂ ಗೊತ್ತಿರಲಿಲ್ಲ. ಹೊಟ್ಟೆಯ ಮೇಲೆ ಹೆತ್ತ ಗೆರೆಗಳಿವೆ ಅಂತ ಅವಳೇ ಒಮ್ಮೆ ಹೇಳಿದ್ದಳು, ಬೇರೆ ಯಾರದೋ ಮೈಯ ಸುದ್ದಿ ಹೇಳುವ ಹಾಗೆ.

ಅವಳಿಗಿದ್ದ ತೊಂದರೆ ಒಂದೇ. ದಿನಾ ಜೋಳದ ರೊಟ್ಟಿ ಬಡಿದು ಮುಗಿದ ಮೇಲೆ ಪರಾತದ ಅಂಚಿಗೆ ಉಳಿದ ಚೂರು ಹಿಟ್ಟನ್ನು ಅವಳ ಕೈ ತಾನೇ ಬಳಿದು, ಉಂಡೆ ಮಾಡಿ, ಅಂಗೈಯಗಲದ ಒಂದು ರೊಟ್ಟಿ ಬಡಿಯುತ್ತಿತ್ತು. ಉಳಿದವಕ್ಕಿಂತ ದಪ್ಪ, ಮೆತ್ತಗೆ. ಬೇಯಿಸಿ, ತುಪ್ಪ ಸವರಿ, ಒಲೆಯ ಪಕ್ಕಕ್ಕೆ ಇಡುತ್ತಿತ್ತು. ಇಟ್ಟ ಮೇಲೆ ಅವಳು ಅದನ್ನು ನೋಡುತ್ತ ಕೂರುತ್ತಿದ್ದಳು. ಒಂದು ದಿನ ಅದನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನ ಕಟ್ಟೆಗೆ ಬಂದಳು.

"ಇದು ಯಾರ ರೊಟ್ಟಿ?"

"ನನಗೇನು ಗೊತ್ತವ್ವ? ನಾಯಿಗೆ ಹಾಕು."

"ದಿನಾ ನಾಯಿಗೇ ಹಾಕತೀನಿ. ಆದರ ಇದು ನಾಯೀದಲ್ಲ."

"ಹಂಗಾದ್ರ ಬಡೀಬ್ಯಾಡ."

"ಕೈ ಕೇಳಂಗಿಲ್ಲ." ಅವಳು ಕೈಯನ್ನು ತಿರುಗಿಸಿ ನೋಡಿಕೊಂಡಳು. "ನೀನ ಅಲ್ಲೇನು ಸಾರಿದಾಂವ? ಏನಂತ ಸಾರಿದ್ದಿ, ಹೇಳು."

"ಸಾರಿದ್ದು ಖರೆ. ಏನು ಸಾರಿದೆ ಅಂತ ಗೊತ್ತಿದ್ರ ನಾ ಯಾಕ ಇಷ್ಟು ಆರಾಮ ನಿದ್ದಿ ಮಾಡತಿದ್ದೆ?"

ಅವಳ ದನಿಯಲ್ಲಿ ದುಃಖವಿರಲಿಲ್ಲ, ನೀವು ತಪ್ಪು ತಿಳಿಯಬೇಡಿ. ಕೊಡ ಎಲ್ಲಿಟ್ಟೆ ಅಂತ ಹುಡುಕುವವರ ದನಿ ಅದು. ಮನೆ ಮನೆಗೆ ಹೋಗಿ ಕೇಳಿದಳು. ಎಲ್ಲರೂ ನಾಯಿಗೆ ಹಾಕು ಅಂದರು. ಅವಳಿಗೆ ಬೇಕಾಗಿದ್ದು ಆ ರೊಟ್ಟಿ ಯಾರದು ಅನ್ನುವುದು ಮಾತ್ರ, ಅದನ್ನು ಹೇಳುವವರು ಊರಿನಲ್ಲಿ ಯಾರೂ ಇರಲಿಲ್ಲ.

ಆ ಬೇಸಗೆಯಲ್ಲಿ ಅಗೆಸುವ ಸಾಹೇಬರು ಬಂದರು. ಗೂಟ, ದಾರ, ಜರಡಿ, ಕುಂಚ, ಗುದ್ದಲಿ ಎಲ್ಲ ತಂದರು. ದಿಬ್ಬದ ಕೆಳಗೆ ಹಳೆಯ ಕಾಲದ ಗುಡಿಯಿದೆ ಅಂದರು. ಬುದ್ಧನನ್ನು ನಂಬಿದವರು ಮೊದಮೊದಲಿಗೆ ಕಟ್ಟಿದ್ದಂತೆ, ಇಟ್ಟಿಗೆಯ ಗುಂಡನೆಯ ಗುಮ್ಮಟ, ಸುತ್ತಲೂ ಜನ ಬಲಬಂದು ನಡೆಯುವ ದಾರಿ, ದಾರಿಯ ಪಕ್ಕ ಕೆತ್ತಿದ ಕಲ್ಲುಗಳು. ಊರ ಹಿರಿಯ ಎಲ್ಲವನ್ನೂ ಕೇಳಿಸಿಕೊಂಡ. ಆಳು ಎತ್ತರ, ಮಾತು ಗಿಡ್ಡ.

"ಏರಿದ ಮಣ್ಣು ಇಳೀಬಾರದು," ಅಂದ. "ಬೋರಲು ಕಲ್ಲು ಅಂಗಾತ ಆಗಬಾರದು. ಇಷ್ಟು ನಡೆಸಿಕೊಟ್ಟು ಏನರ ಮಾಡಿಕೋರಿ."

ಸಾಹೇಬರು ಆಯಿತು ಅಂದರು. ಮನೆಗೆ ಬಂದ ನೆಂಟರು ಯಜಮಾನನ ಎಲ್ಲ ಮಾತಿಗೂ ಆಯಿತು ಅನ್ನುತ್ತಾರಲ್ಲ, ಹಾಗೆ.

ಹಗಲೆಲ್ಲ ಊರವರು ಕೂಲಿಗೆ ಅಗೆದರು. ಹೊತ್ತು ಇಳಿಯುವಾಗ, ಮನೆಗೆ ಹೊರಡುವ ಮುಂಚೆ, ಒಬ್ಬೊಬ್ಬರೂ ಹೊರಗೆ ಸುರಿದಿದ್ದ ಮಣ್ಣನ್ನು ಬುಟ್ಟಿಗೆ ತುಂಬಿಕೊಂಡು ಬಂದು ಗುಂಡಿಗೆ ಹಾಕಿ, ಕೈಮುಗಿದು ಹೋದರು. ಯಾರೂ ಹೇಳಿಕೊಟ್ಟದ್ದಲ್ಲ. ಏರಿದ ಮಣ್ಣು ಇಳಿಯಬಾರದು, ಇಳಿದಿತ್ತು, ಏರಿಸಿದರು. ಬೆಳಿಗ್ಗೆ ಸಾಹೇಬರು ಬಂದು ಗುಂಡಿ ನೋಡಿ ತಲೆ ಕೆರೆದುಕೊಂಡರು.

"ನಿನ್ನೆ ಇಲ್ಲಿ ಮೊಣಕಾಲುದ್ದ ತೋಡಿದ್ದೆವಲ್ಲ?"

"ಹೌದ್ರೀ, ತೋಡಿದ್ವಿ."

"ಮತ್ತೆ ಇದೇನು?"

"ತುಂಬಿದ್ವಿ."

"ಯಾಕೆ ತುಂಬಿದಿರಿ?"

"ತೋಡಿದ್ವಲ್ರೀ!"

ಹೀಗೇ ನಡೆಯಿತು. ತೋಡಿದರು, ತುಂಬಿದರು, ತೋಡಿದರು, ತುಂಬಿದರು. ಸಾಹೇಬರು ಸಿಟ್ಟು ಮಾಡಿದರು, ಬೇಡಿಕೊಂಡರು, ಒಂದು ದಿನ ಊಟ ಬಿಟ್ಟು ಕೂತರು. ಕಡೆಗೆ ಅವರೇ ಉಪಾಯ ಹುಡುಕಿದರು. ಮಣ್ಣನ್ನು ದಿಬ್ಬದಿಂದ ಕೆಳಗೆ ಒಯ್ಯುವುದು ಬೇಡ, ದಿಬ್ಬದ್ದೇ ಇನ್ನೊಂದು ಹೆಗಲಿಗೆ ಸುರಿಯಿರಿ ಅಂದರು. ಹಿರಿಯ ಯೋಚಿಸಿ, ಇದರಾಗ ಇಳಿದಂಗ ಆಗೂದಿಲ್ಲ ಅಂದ. ಅಂದಿನಿಂದ ಗುಂಡಿ ನಿಂತಿತು. ದಿಬ್ಬ ಒಂದು ಮಗ್ಗುಲಿಗೆ ಹೊರಳಿತು, ಅಷ್ಟೆ.

ಬುಟ್ಟಿಯಾಕಿ ಮೊದಲ ದಿನವೇ ಮಣ್ಣು ಹೊರಲು ಸೇರಿದ್ದಳು. ಬುಟ್ಟಿ ಮಾರಿಯೇ ಬದುಕಬಹುದಾಗಿತ್ತು, ಹೊರುವ ದರ್ದು ಇರಲಿಲ್ಲ. ನಾನು ಕೇಳಿದೆ, ಯಾಕವ್ವ ಈ ಬಿಸಿಲಾಗ ಅಂತ.

"ನನ್ನ ರೊಟ್ಟಿ ಇದರೊಳಗ ಎಲ್ಲೋ ಐತಿ," ಅಂದಳು.

ಗುಂಡಿ ಆಳವಾದಂತೆ ಕೂರುಗಲ್ಲುಗಳು ಬರತೊಡಗಿದವು. ಮೇಲೆ ಹೊಸವು, ಕೆಳಗೆ ಹಳೆಯವು, ಎಲ್ಲ ಬೋರಲು. ನಮ್ಮವರು ಕಣ್ಣು ಬೇರೆ ಕಡೆ ಹೊರಳಿಸಿಕೊಂಡು ಅವನ್ನು ಬೋರಲಾಗಿಯೇ ಎತ್ತಿ, ಬೋರಲಾಗಿಯೇ ಹೊತ್ತು, ದಿಬ್ಬದ ಸಮತಟ್ಟಿನಲ್ಲಿ ಸಾಲಾಗಿ ಬೋರಲು ಇಟ್ಟರು. ದೊಡ್ಡವು ಒಂದು ಸಾಲು, ಪುಟ್ಟವು ಒಂದು ಸಾಲು. ಪುಟ್ಟವುಗಳ ಸಾಲೇ ಉದ್ದವಾಗಿತ್ತು. ಸಾಹೇಬರಿಗೆ ಅವುಗಳ ಮೇಲೆ ಮನಸ್ಸಿರಲಿಲ್ಲ. "ಇವು ಈಚಿನವು, ನಮಗೆ ಬೇಕಾದದ್ದು ಇನ್ನೂ ಕೆಳಗಿದೆ" ಅನ್ನುತ್ತಿದ್ದರು.

ಒಂದು ಮಧ್ಯಾಹ್ನ ಬನ್ನಿಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದ್ದೆವು. ಊರ ಹಿರಿಯನೂ ಬಂದು ನಮ್ಮ ಜೊತೆ ಉಣ್ಣುತ್ತಿದ್ದ. ಅತ್ತ ಸಾಹೇಬರ ಕಡೆಯ ಕುಂಚದಾಕೆ, ನೆಲದಿಂದ ಬಂದದ್ದನ್ನೆಲ್ಲ ಕುಂಚದಿಂದ ಉಜ್ಜಿ ತೊಳೆಯುವವಳು, ಸಾಲಿನಲ್ಲಿದ್ದ ಒಂದು ದೊಡ್ಡ ಕಲ್ಲಿನ ಬೆನ್ನು ತೊಳೆದಳು. ಒಂದು ಬದಿ ತೊಳೆದರೆ ಇನ್ನೊಂದು ಬದಿಯನ್ನೂ ತೊಳೆಯುವುದು ಅವಳ ಕೆಲಸದ ರೀತಿ. ಕಲ್ಲನ್ನು ಎತ್ತಿ ಅಂಗಾತ ಹಾಕಿದಳು.

ಹಿರಿಯನ ಕೈಯಿಂದ ತುತ್ತು ಬಿತ್ತು. ಅವನು ಒಂದು ಹೆಸರು ಕೂಗಿದ. ಹೆಂಗಸಿನ ಹೆಸರು. ಕೂಗಿ, ನೆಲಕ್ಕೆ ಬಿದ್ದು, ಹಣೆಯನ್ನು ಮಣ್ಣಿಗೆ ತಿಕ್ಕತೊಡಗಿದ. ನಮಗೆ ಅಳುವವರನ್ನು ಏನು ಮಾಡಬೇಕು ಅಂತ ಗೊತ್ತಿಲ್ಲ ನೋಡಿ. ಚೇಳು ಕಡಿದೈತಿ ಅಂದ ಒಬ್ಬ, ಇನ್ನೊಬ್ಬ ಅವನ ಪಾದ ಹಿಡಿದು ಕಡಿದ ಗುರುತು ಹುಡುಕಿದ. ಗಂಟಲಿಗೆ ರೊಟ್ಟಿ ಸಿಕ್ಕಿದೆ ಅಂತ ಒಬ್ಬಾಕೆ ಬೆನ್ನಿಗೆ ಗುದ್ದಿದಳು.

"ಉಪ್ಪಿಲ್ಲ ಅಂತ ಬೈದಿದ್ದೆ," ಅಂತ ಹಿರಿಯ ನೆಲಕ್ಕೆ ಹೇಳುತ್ತಿದ್ದ. "ಸಾರಿಗೆ ಉಪ್ಪಿಲ್ಲ ಅಂತ ಬೈದು ಹೊಲಕ್ಕ ಹೋಗಿದ್ದೆ. ತಿರುಗಿ ಬರೂದರಾಗ ಹೋಗಿಬಿಟ್ಟಿದ್ಲು. ಉಪ್ಪಿಗೋಸ್ಕರ ಬೈದಿದ್ದೆನಲ್ಲೋ!" ಆಮೇಲೆ ತಲೆಯೆತ್ತಿ ಅರಚಿದ. "ಬೋರಲು ಹಾಕ್ರೋ! ಯಾರರ ಬೋರಲು ಹಾಕ್ರಿ, ಜೀವ ಹೊಂಟೈತಿ!"

ಯಾರೋ ಓಡಿಹೋಗಿ ಕಲ್ಲನ್ನು ತಿರುವಿದರು. ಬಿಕ್ಕು ಅರ್ಧಕ್ಕೇ ನಿಂತಿತು. ಹಿರಿಯ ಎದ್ದು ಕೂತ, ಬಿದ್ದ ತುತ್ತನ್ನು ಎತ್ತಿ ಧೂಳು ಊದಿ ಬಾಯಿಗೆ ಹಾಕಿಕೊಂಡ, ಅಗಿದ, ನುಂಗಿದ.

"ಯಾಕ ಎಲ್ಲಾರೂ ನನ್ನ ನೋಡಾಕತ್ತೀರಿ?" ಅಂದ. ಮುಖ ಮುಟ್ಟಿಕೊಂಡ. "ನನ್ನ ಕೆನ್ನಿ ಯಾಕ ಹಸಿ ಐತಿ?"

ಅವನು ಅತ್ತದ್ದು ನಮಗೆ ನೆನಪಿತ್ತು, ಉಪ್ಪಿನ ಮಾತು ನೆನಪಿತ್ತು. ಯಾರಿಗಾಗಿ ಅನ್ನುವುದು ಕಲ್ಲಿನ ಜೊತೆಗೇ ಹೋಗಿತ್ತು. ಕುಂಚದಾಕೆ ಓಡಿ ಬಂದು, "ಅವರೇನೋ ಕೂಗಿದರಲ್ಲ, ಏನದು?" ಅಂದಳು. ಪರ ಊರಿನ ಅವಳ ಕಿವಿಯಲ್ಲೂ ಅದು ಉಳಿದಿರಲಿಲ್ಲ.

ನಡೆದದ್ದನ್ನು ನಾವು ಹೇಳಿದ ಮೇಲೆ ಹಿರಿಯ ಬೇರೆ ಯಾರದೋ ವ್ಯಾಜ್ಯ ಕೇಳಿದಂತೆ ಕೇಳಿದ. ಹಂಗಾರ ಅಂಥಾದ್ದು ಊರಿಗೆ ಬ್ಯಾಡ ಅಂದ. ಇವತ್ತು ಹೊತ್ತು ಇಳಿಯುವುದರೊಳಗೆ ಎಲ್ಲ ಕಲ್ಲೂ ಒಳಗೆ ಹೋಗಬೇಕು, ಗುಂಡಿ ಮುಚ್ಚಬೇಕು ಅಂದ. ಸಾಹೇಬರು ಕೈಮುಗಿದು, ಗುಡಿಯ ಗೋಡೆ ಈಗಷ್ಟೇ ತಗುಲಿದೆ, ನಾಳೆಯ ಹಗಲಾದರೂ ಕೊಡಿ ಅಂತ ಬೇಡಿದರು. ಅದನ್ನು ಕೊಟ್ಟ.

ಎಲ್ಲರೂ ಎದ್ದ ಮೇಲೆ ಬುಟ್ಟಿಯಾಕಿ ಹಿರಿಯನ ಮುಂದೆ ನಿಂತಳು.

"ಹೆಸರು ಬಂದಿತ್ತಲ್ಲ ನಿಮಗ, ಆವಾಗ ಹೆಂಗಿತ್ತು?"

"ನನಗೇನು ಗೊತ್ತು? ಜೀವ ಹೊಂಟೈತಿ ಅಂತ ನಾನ ಅಂದೆನಂತ."

"ಈಗ ಹೆಂಗೈತಿ?"

ಹಿರಿಯ ಬುತ್ತಿಯ ಬಟ್ಟೆ ಕೊಡವಿ ಮಡಚಿದ. "ಈಗ ಏನೂ ಇಲ್ಲ," ಅಂದ.

ಅವಳು ತಲೆಯಾಡಿಸಿ ಹೊರಟಳು. ನೋವಿನ ರುಚಿ ಏನು ಅಂತ ಕೇಳಿ ತಿಳಿದುಕೊಂಡೇ ಮನೆಗೆ ಹೋದಳು ಅನ್ನುವುದನ್ನು ನೀವು ಮರೆಯಬಾರದು.

ಮಾರನೆಯ ದಿನ ಊರೆಲ್ಲ ದಿಬ್ಬದ ಮೇಲಿತ್ತು. ಗುಂಡಿಯ ತಳದಲ್ಲಿ ಇಟ್ಟಿಗೆಯ ಗೋಡೆ ಬಾಗಿ ಬಾಗಿ ಸುತ್ತು ಹೊಡೆಯುತ್ತಿತ್ತು. ಅದರ ಬುಡದಲ್ಲಿ ಜನ ನಡೆದು ನಡೆದು ಸವೆದ ಹಾಸುಗಲ್ಲಿನ ದಾರಿ. ದಾರಿಯ ತುಂಬ ದೊಡ್ಡ ದೊಡ್ಡ ಕಲ್ಲುಚಪ್ಪಡಿಗಳು ಬೋರಲು ಬಿದ್ದಿದ್ದವು. ಒಂದು ಮಾತ್ರ ಬಿದ್ದಿರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಂತೇ ಇತ್ತು. ಕುಂಚದಾಕೆ ಅದರ ಮೈಯ ಮಣ್ಣು ಬಿಡಿಸಿ ನೀರು ಎರಚಿದಾಗ ಚಿತ್ರ ಎದ್ದಿತು.

ಒಂದು ಮರ. ಮರದ ಕೆಳಗೆ ಒಂದು ಆಸನ. ಆಸನದ ಮುಂದೆ ನೆಲದಲ್ಲಿ ಎರಡು ಹೆಜ್ಜೆ ಗುರುತು. ಆಚೆ ಈಚೆ ಗಂಡಸರು ಹೆಂಗಸರು ಕೈಮುಗಿದು ನಿಂತಿದ್ದರು, ಕೆಲವರು ಮೊಣಕಾಲೂರಿ ಬಾಗಿದ್ದರು. ಒಬ್ಬಳು ಎರಡೂ ಕೈಯಲ್ಲಿ ಏನೋ ತಿನಿಸು ಹಿಡಿದಿದ್ದಳು. ಎಲ್ಲರ ಕಣ್ಣೂ ಆಸನದ ಕಡೆಗಿತ್ತು. ಆಸನದ ಮೇಲೆ ಯಾರೂ ಇರಲಿಲ್ಲ.

"ಕುಂತಾಂವ ಎಲ್ಲಿ ಹೋದ? ಒಡದು ಹೋಗ್ಯಾನೇನು?" ಅಂತ ನಾನು ಕೇಳಿದೆ.

"ಒಡೆದಿಲ್ಲ," ಅಂದರು ಸಾಹೇಬರು. "ಮೊದಲಿನಿಂದಲೂ ಖಾಲಿಯೇ. ಆ ಕಾಲದವರು ಬುದ್ಧನ ಆಕಾರವನ್ನು ಕೆತ್ತುತ್ತಿರಲಿಲ್ಲ. ಅವನು ಕೂತ ಜಾಗ ಕೆತ್ತುತ್ತಿದ್ದರು."

"ಅಂವ ಸತ್ತಿದ್ದನೇನು?"

"ಸತ್ತು ಬಹಳ ಕಾಲವಾಗಿತ್ತು."

"ಮತ್ತ ಕೈ ಯಾರಿಗೆ ಮುಗಿದಾರ?"

"ಅವನಿಗೇ. ಅವನಿಲ್ಲ ಅನ್ನುವುದು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಜಾಗ ಬಿಟ್ಟಿದ್ದ ಹಾಗೆ ಕಾಣುತ್ತದೆ."

ಬುಟ್ಟಿಯಾಕಿ ಮುಂದೆ ಬಂದು ತಿನಿಸು ಹಿಡಿದವಳ ಕೈಯನ್ನು ನೋಡಿದಳು, ಬಹಳ ಹೊತ್ತು. ಹಿರಿಯ ಆ ಚಿತ್ರವನ್ನು ನೋಡಲಿಲ್ಲ. ಅವನು ಬೋರಲು ಬಿದ್ದ ಚಪ್ಪಡಿಗಳನ್ನು ತೋರಿಸಿದ.

"ಇವನ್ನ ಬೋರಲು ಹಾಕಿದವರು ನಮ್ಮ ಹಿರೇರು. ಹೌದಿಲ್ಲೋ?"

ಸಾಹೇಬರು ಹೇಳುವುದೋ ಬೇಡವೋ ಅಂತ ಮುಖ ಮಾಡಿದರು. "ಇವನ್ನು ಯಾರೂ ಹಾಕಿಲ್ಲ. ನಿಂತಿದ್ದ ಕಲ್ಲುಗಳು, ನೆಲ ಕುಸಿದಾಗ ಮುಗ್ಗರಿಸಿ ಬಿದ್ದಿವೆ. ನಿಮ್ಮ ಹಿಂದಿನವರು ಇಲ್ಲಿಗೆ ಬಂದಾಗ ಎಲ್ಲ ಬೋರಲಾಗಿಯೇ ಇದ್ದಿರಬೇಕು. ಸತ್ತವರ ಜಾಗದಲ್ಲಿ ಕಲ್ಲನ್ನು ಇಡುವುದೇ ಹೀಗೆ ಅಂತ ತಿಳಿದುಕೊಂಡಿರಬಹುದು."

ಅಯ್ಯೋ ನಮ್ಮ ಕಟ್ಟಳೆಯೇ! ಎಡವಿ ಬಿದ್ದವನನ್ನು ನೋಡಿ ನಮಸ್ಕಾರ ಮಾಡುತ್ತಿದ್ದಾನೆ ಅಂದುಕೊಂಡು ಊರಿಗೆ ಊರೇ ಬಿದ್ದ ಹಾಗಾಗಿತ್ತು ನಮ್ಮ ಕತೆ. ನಗು ಬರಬೇಕಾಗಿತ್ತು, ಯಾರಿಗೂ ಬರಲಿಲ್ಲ. ಜನ ಹಿರಿಯನ ಮುಖ ನೋಡಿದರು.

"ಬಿದ್ದದ್ದೋ ಹಾಕಿದ್ದೋ," ಅಂದ ಹಿರಿಯ, "ನಮಗದು ನಡಕೊಂಡು ಬಂದೈತಿ. ಮುಚ್ಚರಿ."

ಮುಚ್ಚತೊಡಗಿದರು. ಸಾಹೇಬರು ಅವಸರದಲ್ಲಿ ನಿಂತ ಕಲ್ಲಿನ ಚಿತ್ರ ಬರೆದುಕೊಂಡರು, ಮತ್ತೆ ಬೇಡಿಕೊಂಡರು, ಕಡೆಗೆ ತಮ್ಮ ದಾರ ಸುತ್ತಿಕೊಂಡರು. ಮಣ್ಣು ಬಿತ್ತು. ಹೆಜ್ಜೆ ಗುರುತು ಮುಚ್ಚಿತು, ಆಸನ ಮುಚ್ಚಿತು, ತಿನಿಸು ಹಿಡಿದ ಕೈ ಮುಚ್ಚಿತು. ದೊಡ್ಡ ಕೂರುಗಲ್ಲುಗಳು ಒಳಗೆ ಹೋದವು, ಬೋರಲು. ಪುಟ್ಟವುಗಳ ಸಾಲಿಗೆ ಜನ ಕೈಹಾಕುವಷ್ಟರಲ್ಲಿ ಬುಟ್ಟಿಯಾಕಿ ಅಲ್ಲಿ ಕೂತಿದ್ದಳು.

ಒಂದೊಂದು ಕಲ್ಲಿನ ಅಡಿಗೂ ಅಂಗೈ ತೂರಿಸುತ್ತಿದ್ದಳು. ಸವರುತ್ತಿದ್ದಳು, ಕೈ ತೆಗೆಯುತ್ತಿದ್ದಳು, ಮುಂದಿನ ಕಲ್ಲಿಗೆ ಜರುಗುತ್ತಿದ್ದಳು. ಅವಸರವಿಲ್ಲ. ಜೋಳ ಹಸನು ಮಾಡುವ ಕೈ ಹೇಗೆ ಹೋಗುತ್ತದೋ ಹಾಗೆ ಹೋಗುತ್ತಿತ್ತು. ಎಲ್ಲರೂ ಕೆಲಸ ಬಿಟ್ಟು ನೋಡಿದರು.

"ಏನು ಹುಡುಕತೀ ಅಲ್ಲಿ? ನಿನಗ ಏನೂ ನೆನಪಿಲ್ಲ," ಅಂದೆ ನಾನು.

"ನನಗಿಲ್ಲ. ಕೈಗೆ ಐತಿ," ಅಂದಳು. "ರೊಟ್ಟಿ ಬಡೀತೈತಲ್ಲ."

ಸಾಲಿನ ಕಡೆಯ ಹತ್ತಿರ ಒಂದು ಕಲ್ಲಿನ ಅಡಿಯಲ್ಲಿ ಆ ಕೈ ನಿಂತಿತು. ಹಿಂದೆ ಹೋಯಿತು, ಮುಂದೆ ಬಂತು, ಮತ್ತೆ ನಿಂತಿತು. ಅವಳು ನನ್ನನ್ನು ಕರೆದು ನನ್ನ ಬೆರಳನ್ನೂ ಅಲ್ಲಿಗೆ ತೂರಿಸಿದಳು. ಕಲ್ಲಿನ ಅಂಚಿಗೆ ಒಂದು ಪುಟ್ಟ ಗುಳಿಯಿತ್ತು, ನುಣ್ಣಗೆ. ಚೌಕಾಬಾರದ ಆಟಕ್ಕೆ ಮಕ್ಕಳು ಹುಣಸೆಬೀಜವನ್ನು ಕಲ್ಲಿಗೆ ತೇಯ್ದು ತೇಯ್ದು ಅರ್ಧ ಮಾಡುತ್ತಾರಲ್ಲ, ಅಂಥ ಗುಳಿ.

"ಬ್ಯಾಡವ್ವ," ಅಂದ ಹಿರಿಯ. ಅವನ ದನಿ ಗಟ್ಟಿಯಾಗಿರಲಿಲ್ಲ. "ಈಗ ಏನೂ ಇಲ್ಲ ನಿನಗ. ಹಂಗ ಇರಲಿ ಬಿಡು. ಜೀವ ಹೋಗತೈತಿ."

"ಹೋದ್ರ ಹೋಗಲಿ," ಅಂದಳು. "ದಿನಾ ನಾಯಿಗೆ ಹಾಕಿ ಹಾಕಿ ನನಗ ಸಾಕಾಗೇತಿ."

ಕಲ್ಲನ್ನು ಎತ್ತಿ ಅಂಗಾತ ಹಾಕಿದಳು.

ನನ್ನ ನಾಲಗೆಯ ಮೇಲೆ ಏನೋ ಬಂದು ಕೂತಿತು. ಅವಳು ಮೊದಲು ಅಳಲಿಲ್ಲ, ನಕ್ಕಳು. "ಹಲ್ಲಿರಲಿಲ್ಲ," ಅಂದಳು. "ಮುಂದಿನ ಹಲ್ಲು ಬಿದ್ದಿದ್ವು. ಬಿರುಸು ರೊಟ್ಟಿ ಕಡಿಯಾಕ ಬರತಿದ್ದಿಲ್ಲ, ಅದಕ ಮೆತ್ತಗ ಬೇಕು ಅಂತ ಹಟ. ಹುಣಸಿಬೀಜ ತೇದು ತೇದು ಕಲ್ಲು ಸವೆಸ್ತಿ ಅಂತ ನಾ ಬಡಿದಿದ್ದೆ." ಆಮೇಲೆ ಹೆಸರು ಹೇಳಿದಳು, ತನ್ನಷ್ಟಕ್ಕೆ. ಅದನ್ನು ನಾನೀಗಲೇ ಹೇಳುವುದಿಲ್ಲ. ಹೆಸರು ಹೇಳುವುದಕ್ಕೆ ಒಂದು ಕ್ರಮವಿದೆ, ನಾನು ಸಾರುವವನು, ನನಗೆ ಗೊತ್ತು.

ಅವಳು ಕಲ್ಲನ್ನು ಮುಖ ಮೇಲಾಗಿಯೇ ಎದೆಗೆ ಆನಿಸಿ ಎತ್ತಿಕೊಂಡಳು. ದಿಬ್ಬ ಇಳಿಯತೊಡಗಿದಳು. ದಿಬ್ಬಕ್ಕೆ ಏರಿದ್ದು ಅಲ್ಲಿಯವರೆಗೆ ಒಂದು ಹರಳೂ ಇಳಿದು ಊರಿಗೆ ಮರಳಿದ್ದಿಲ್ಲ. ಜನ ದಾರಿ ಬಿಟ್ಟರೋ ಅಡ್ಡ ನಿಲ್ಲಲು ಮರೆತರೋ, ಅಂತೂ ಅವಳು ಇಳಿದಳು. ಹಿರಿಯ ತಡೆಯಲು ಕೈಯೆತ್ತಿದ, ಆ ಕೈ ಹೋಗಿ ಅವನ ಕೆನ್ನೆಯನ್ನೇ ಮುಟ್ಟಿಕೊಂಡಿತು. ಒಣಗಿತ್ತು.

ನಾನು ಹಲಗೆ ಹೆಗಲಿಗೆ ಹಾಕಿಕೊಂಡು ಹಿಂದೆ ಹೋದೆ. ಯಾಕೆ ಹೋದೆ ಅಂದರೆ, ಕಲ್ಲಿನ ಹಿಂದೆ ನಡೆದು ರೂಢಿ. ಮನೆಯೊಳಗೆ ಅವಳು ಕಲ್ಲನ್ನು ಒಲೆಯ ಪಕ್ಕ ಇಟ್ಟಳು. ಅಲ್ಲಿ ನೆಲದಲ್ಲಿ ಅಷ್ಟೇ ಅಗಲದ ಒಂದು ತಗ್ಗು ಮೊದಲಿನಿಂದ ಇತ್ತು, ಕಲ್ಲು ಅದರೊಳಗೆ ಸರಿಯಾಗಿ ಕೂತಿತು. ಸೆರಗಿನ ಗಂಟು ಬಿಚ್ಚಿ ಆ ದಿನದ ಪುಟ್ಟ ರೊಟ್ಟಿಯನ್ನು ತೆಗೆದು ಅದರ ಮುಂದಿಟ್ಟಳು. ಆಮೇಲೆ ಅತ್ತಳು. ನಾನು ಬೆನ್ನಿಗೆ ಗುದ್ದಲಿಲ್ಲ, ಪಾದದಲ್ಲಿ ಗುರುತು ಹುಡುಕಲಿಲ್ಲ. ಏನು ಮಾಡಬೇಕು ಅಂತ ಗೊತ್ತಾಗದೆ ಹೊಸ್ತಿಲ ಮೇಲೆ ಕೂತೆ. ನನ್ನ ಕಣ್ಣಿಗೂ ಏನೋ ಬಿದ್ದಿತ್ತು, ಉಳ್ಳಾಗಡ್ಡಿ ಅಲ್ಲೆಲ್ಲೂ ಇರಲಿಲ್ಲ.

"ಮೊದಲಿನ ಕೂಸುಗಳು ಕುಂದರೂದು ಕಲಿಯೂ ಮೊದಲ, ಕಲ್ಲು ಸಿಗೂ ಮೊದಲ ಹೋಗಿದ್ವು, ಇದರ ಕಲ್ಲಿನ ಜೋಡಿನ ಅವೂ ಮರತಿದ್ವು," ಅಂದಳು. "ಇದಾದರ ಉಳೀಲಿ ಅಂತ ತಿಪ್ಪಿ ಮ್ಯಾಲ ಹೊಳ್ಳಾಡಿಸಿ ಹೆಸರಿಟ್ಟಿದ್ದೆ. ಸಾವು ನೋಡಿದ್ರ ಕಸ ಅಂತ ದಾಟಿ ಹೋಗಲಿ ಅಂತ." ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ಸಾರು."

"ಏನಂತ ಸಾರಲಿ?"

"ಸತ್ತಾಳಂತ."

"ಅದನ್ನ ಯಾವಾಗೋ ಸಾರೀನವ್ವ. ಒಮ್ಮಿ ಸಾರಿದ ಹೆಸರು ಮತ್ತ ಬಾಯಾಗ ಬರಬಾರದು. ಕಟ್ಟಳಿ ಐತಿ."

"ಅವತ್ತ ನೀ ಸಾರಿದಿ, ನಾ ಕೈ ತೊಳಕೊಂಡು ಉಂಡೆ. ಅವತ್ತ ನನಗ ಅಕಿ ಸತ್ತಿರಲಿಲ್ಲ. ಬರೇ ಇಲ್ಲದಂಗ ಆಗಿದ್ಲು." ಅವಳು ಕಲ್ಲಿನ ಗುಳಿಯೊಳಗೆ ಬೆರಳಿಟ್ಟಳು. "ಇವತ್ತ ಸತ್ತಾಳ. ಈಗ, ಇಲ್ಲಿ, ಈ ಒಲಿ ಮುಂದ ಸತ್ತಾಳ. ಹೋಗು, ಸಾರು."

ನಾನು ಎದ್ದೆ. ಹಲಗೆಯನ್ನು ಒಲೆಗೆ ಹಿಡಿದು ಕಾಯಿಸಿದೆ, ಬೀದಿಗೆ ಬಂದೆ. ಜನ ದಿಬ್ಬದಿಂದ ಆಗಲೇ ಮನೆಗಳಿಗೆ ಮರಳಿದ್ದರು, ಕೈ ತೊಳೆದುಕೊಳ್ಳುತ್ತಿದ್ದರು. ಹಲಗೆ ಬಡಿದೆ.

"ಕೇಳ್ರಪ್ಪೋ ಕೇಳ್ರಿ! ಬುಟ್ಟಿಯಾಕಿ ಮಗಳು ತಿಪ್ಪವ್ವ ತೀರಿಕೊಂಡಾಳ! ಕಲ್ಲು ಏಳೂದಿಲ್ಲ, ಮನ್ಯಾಗ ಐತಿ, ಅಂಗಾತ ಐತಿ! ತಿಪ್ಪವ್ವ ತೀರಿಕೊಂಡಾಳ!"

ಕೂಗಿ, ರೂಢಿಯಂತೆ ಹೆಸರು ಹೋಗಲಿ ಅಂತ ಕಾದೆ. ಹೋಗಲಿಲ್ಲ. ಬೀದಿಯ ತುದಿಯಲ್ಲಿ ಒಂದು ಬಾಗಿಲು ತೆರೆಯಿತು. ಹಿಟ್ಟು ಮೆತ್ತಿದ ಕೈಯಲ್ಲೇ ಒಬ್ಬಳು ಹೊರಗೆ ಬಂದು, ಕೇಳಿಸಲಿಲ್ಲ, ಯಾರು ಅಂದಿ, ಅಂತ ಕೇಳಿದಳು.

ನಾನು ಮತ್ತೆ ಹೇಳಿದೆ.